ಗೀರಿಲ್ಲದ ಹಲಗೆ

ಕರಡಿಯೊಂದು ಹಿಮದ ಮೇಲೆ ಜಾರಲು ಹೊಸ ಸ್ಕೀ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು, ಅವು ಹೇಗಿವೆಯೋ ನೋಡೋಣವೆಂದು ಬೆಟ್ಟದ ನೆತ್ತಿಯಿಂದ ಹೊರಟಿತು. ಎರಡೂ ಗಿಡ್ಡ ಹಲಗೆಗಳು. ಎರಡಕ್ಕೂ ಫಳಫಳ ಹೊಳೆಯುವ ಉಕ್ಕಿನ ಅಂಚು.

ಮೊದಲು ಸಿಕ್ಕಿದ್ದು ಆಗಷ್ಟೇ ಬಿದ್ದ ಮೆತ್ತನೆಯ ಹಿಮ. ಹಲಗೆಗಳು ಮೂತಿಯವರೆಗೂ ಹೂತುಹೋದವು. ಕರಡಿ ತಿಣುಕಾಡಿ ಅವನ್ನು ಎಳೆದುಕೊಂಡು ದಾಟಿತು.

"ಆದರೂ ನನಗೆ ಒಂದು ಗೀರೂ ಬೀಳಲಿಲ್ಲ, ನೋಡು," ಎಂದು ಬಲಗಾಲಿನ ಹಲಗೆ ಬೀಗಿತು.

ಮುಂದೆ ಗಟ್ಟಿಯಾಗಿ ಕೂತ ಹಿಮ. ಅಲ್ಲಿ ಎರಡೂ ಹಾಯಾಗಿ ಜಾರಿದವು. ಅದರಾಚೆ ಬರೀ ಮಂಜುಗಡ್ಡೆ. ಮಂಜುಗಡ್ಡೆ ಮುಗಿದಲ್ಲಿ ಪ್ರಪಾತ.

"ಅಂಚು ಊರಿ! ಕಚ್ಚಿ ಹಿಡಿಯಿರಿ!" ಎಂದು ಕರಡಿ ಕೂಗಿತು.

"ಕಚ್ಚಿದರೆ ನನ್ನ ಹೊಳಪು ಹಾಳಾಗುತ್ತದೆ," ಎಂದಿತು ಬಲಗಾಲಿನ ಹಲಗೆ.

"ಪ್ರಪಾತದ ತಳದಲ್ಲಿ ನಿನ್ನ ಹೊಳಪನ್ನು ನೋಡುವವರು ಯಾರು?" ಎನ್ನುತ್ತ ಎಡಗಾಲಿನ ಹಲಗೆ ತನ್ನ ಅಂಚನ್ನು ಮಂಜುಗಡ್ಡೆಗೆ ಬಲವಾಗಿ ಊರಿತು. ಕರಕರ ಸದ್ದಾಯಿತು. ಕರಡಿ ಗಿರ್ರನೆ ಒಂದು ಸುತ್ತು ತಿರುಗಿ, ಪ್ರಪಾತ ಇನ್ನೇನು ಗೇಣು ದೂರವಿದೆ ಎನ್ನುವಾಗ ಧೊಪ್ಪನೆ ಕೂತುಬಿಟ್ಟಿತು.

ಕೂತಲ್ಲಿಂದಲೇ ಅದು ಮೆಲ್ಲಗೆ ಹಿಂದಕ್ಕೆ ಸರಿಯಿತು.

"ಸದ್ಯ, ಬದುಕಿಕೊಂಡೆವು," ಎಂದು ಕರಡಿ ಎಡಗಾಲಿನ ಹಲಗೆಗೆ ಬಿದ್ದಿದ್ದ ಉದ್ದನೆಯ ಗೀರನ್ನು ಪಂಜದಿಂದ ಮೆಲ್ಲಗೆ ಸವರಿತು.

ಬಲಗಾಲಿನ ಹಲಗೆ ತನ್ನ ಅಂಚನ್ನೊಮ್ಮೆ ನೋಡಿಕೊಂಡಿತು. ಅದು ಇನ್ನೂ ಫಳಫಳ ಹೊಳೆಯುತ್ತಿತ್ತು. ಯಾರೂ ಅದನ್ನು ಸವರಲಿಲ್ಲ.

"ಇನ್ನೊಂದು ಸಲ ಮೇಲಿನಿಂದ ಬರೋಣವೇ?" ಎಂದು ಅದು ತಗ್ಗಿದ ದನಿಯಲ್ಲಿ ಕೇಳಿತು. "ಈ ಸಲ ಮೊದಲು ನಾನು ಕಚ್ಚುತ್ತೇನೆ."