ಓಬಳಪ್ಪನವರ ವಂಶವೃಕ್ಷ

ಪುರಸಭೆಯ ಮಾಜಿ ಅಧ್ಯಕ್ಷ ಓಬಳಪ್ಪನವರು ಸೈಬರ್ ಸೆಂಟರಿಗೆ ಬಂದವರೇ ಕುರ್ಚಿ ಎಳೆದುಕೊಂಡು ಕೂತರು.

"ನಾಡಿದ್ದು ನಮ್ಮ ಹೊಸ ಮನೆ ಗೃಹಪ್ರವೇಶ. ನಾವು ಕರಡಿಗುಂದಿ ಪಾಳೆಗಾರರ ವಂಶದವರು ಅಂತ ನೆಟ್ಟಲ್ಲಿ ಹುಡುಕಿ, ವಂಶವೃಕ್ಷ ಪ್ರಿಂಟ್ ತೆಗಿ. ಪಡಸಾಲೆಯಲ್ಲಿ ತೂಗುಹಾಕಬೇಕು. ಸಿಗಲಿಲ್ಲ ಅಂದರೆ ಅಂಗಡಿ ಖಾಲಿ ಮಾಡು, ಕಟ್ಟಡ ನಂದು."

ಸೆಂಟರಿನಾಕೆ ಹಳೇ ದಾಖಲೆಗಳ ವೆಬ್‌ಸೈಟುಗಳನ್ನೆಲ್ಲ ಜಾಲಾಡಿದಳು. ಓಬಳಪ್ಪನವರ ಅಪ್ಪ ಸಿಕ್ಕರು, ತಾತ ಸಿಕ್ಕರು. ಪಾಳೆಗಾರರು ಮಾತ್ರ ಆ ಕಡೆ ತಲೆ ಹಾಕಿರಲಿಲ್ಲ. ಇಲ್ಲ ಅನ್ನುವ ಹಾಗೂ ಇಲ್ಲ. ಆಕೆ ಪಾಳೆಗಾರರ ಮನೆತನದ ಹೆಸರು ಹಾಕಿ ಇವತ್ತಿನ ಪೇಪರುಗಳಲ್ಲಿ ಹುಡುಕಿದಳು.

"ನಿಮ್ಮನ್ನ ಪಾಳೆಗಾರರ ವಂಶಕ್ಕೆ ಸೇರಿಸ್ತೀನಿ ಸಾರ್. ಆದರೆ ಆ ವಂಶದ ಹಿರಿಯರೊಬ್ಬರು ನಿನ್ನೆ ತೀರಿಕೊಂಡಿದ್ದಾರೆ, ಫೋಟೋ ಬಂದಿದೆ ನೋಡಿ. ದಾಯಾದಿಗಳು ಅಂದಮೇಲೆ ನಿಮಗೂ ಸೂತಕ. ಗೃಹಪ್ರವೇಶ ಮುಂದಕ್ಕೆ ಹೋಯ್ತು ಅಂತ ಪುರೋಹಿತರಿಗೆ ನೀವು ಹೇಳ್ತೀರೋ, ನಾನು ಫೋನ್ ಮಾಡಲೋ?"

ಓಬಳಪ್ಪನವರು ಫೋಟೋ ನೋಡಿದರು. ಅತ್ತ ತಮ್ಮ ಹೊಸ ಮನೆ ಮುಂದೆ ಶಾಮಿಯಾನ ಎದ್ದಾಗಿತ್ತು, ಶಾಸಕರು ಬರುತ್ತೇನೆ ಅಂದಾಗಿತ್ತು.

"ಅವರಿಗೂ ನಮಗೂ ಎಲ್ಲಿಯ ಸಂಬಂಧ ಕಣಮ್ಮಾ?"

"ಹಾಗಾದರೆ ನೀವು ಯಾರು ಸಾರ್?"

"ನಮ್ಮಪ್ಪನ ಮಗ. ಅಷ್ಟೇ!"

"ಅದಕ್ಕೆ ದಾಖಲೆ ಇದೆ ಸಾರ್. ಪ್ರಿಂಟ್ ಕೊಡಲಾ?"