ಸರ್ವರಿಗೆ ಬಂದ ಸ್ಕ್ರಿಪ್ಟು

ಬ್ರೌಸರಿನಲ್ಲೇ ಬೆಳೆದ ಜಾವಾಸ್ಕ್ರಿಪ್ಟೊಂದು ಮೊದಲ ಸಲ ಸರ್ವರ್ ಯಂತ್ರಕ್ಕೆ ಬಂತು. ಅಲ್ಲಿಯೂ ತನ್ನನ್ನು ಓಡಿಸುವ ಹಳೆಯ ಗೆಳೆಯ ಎಂಜಿನ್ನೇ ಇದ್ದುದನ್ನು ಕಂಡು, "ಹಾಗಾದರೆ ಇದೂ ನಮ್ಮನೆಯೇ!" ಎಂದು ಹಿಗ್ಗಿ, ಇಡೀ ಜಿಲ್ಲೆಯ ಪರೀಕ್ಷೆಯ ಅಂಕಗಳನ್ನೆಲ್ಲ ಒಟ್ಟಿಗೆ ಜೋಡಿಸತೊಡಗಿತು. ಹೊರಗೆ ಗದ್ದಲವೆದ್ದಿತು.

"ಯಾರವರು?" ಎಂದಿತು ಸ್ಕ್ರಿಪ್ಟು.

"ಫಲಿತಾಂಶ ಕೇಳಲು ಬಂದ ಮಕ್ಕಳು," ಎಂದಿತು ಎಂಜಿನ್ನು. "ನೀನು ಮುಗಿಸುವವರೆಗೆ ಯಾರಿಗೂ ಉತ್ತರವಿಲ್ಲ."

"ಅಯ್ಯೋ! ಬ್ರೌಸರಿನಲ್ಲಿ ನಾನು ತಡಮಾಡಿದರೆ ಒಬ್ಬನಷ್ಟೇ ಕಾಯುತ್ತಿದ್ದ!"

"ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಎಂಜಿನ್ನು. ಇಲ್ಲಿ ಎಲ್ಲರಿಗೂ ನಾನೊಬ್ಬನೇ. ಹಿಡಿದ ಕೆಲಸ ಮುಗಿಯದೆ ಮುಂದಿನದನ್ನು ಮುಟ್ಟಲಾರೆ."

"ನಿಲ್ಲಿಸು, ಈಗಲೇ ನಿಲ್ಲಿಸು!" ಎಂದು ಚೀರಿತು ಸ್ಕ್ರಿಪ್ಟು.

"ಆ ಮಾತೂ ಸಾಲಿನಲ್ಲಿದೆ," ಎಂದಿತು ಎಂಜಿನ್ನು, "ಆ ಮಕ್ಕಳೆಲ್ಲರ ಹಿಂದೆ."