ಒಂದೇ ಪಂಕ್ತಿಯ ಊಟ

ಮೈಸೂರಿನಲ್ಲಿ ಎಂಟು ಮನೆಯವರು ಸೇರಿ ಕಟ್ಟಿಕೊಂಡ ವಠಾರ. ಎಲ್ಲರಿಗೂ ಒಂದೇ ಅಡುಗೆಮನೆ, ಒಂದೇ ಉದ್ದನೆಯ ಮೇಜು. ಅಡುಗೆಯ ದ್ಯಾವಮ್ಮ ಮಾತ್ರ ಹಿತ್ತಲಲ್ಲಿ ಕೂತು ಉಣ್ಣಬೇಕು.

ಒಂದು ದಿನ ಈ ಒಟ್ಟಿನ ಊಟದ ಬಗ್ಗೆ ಬರೆಯಲು ಪತ್ರಿಕೆಯವರು ಬರುವವರಿದ್ದರು. "ಇವತ್ತು ನೀನೂ ನಮ್ಮ ಜೊತೆ ಕೂತ್ಕೋಬೇಕು, ಫೋಟೋ ತೆಗೀತಾರೆ," ಎಂದು ವಠಾರದ ಅಧ್ಯಕ್ಷ ಶ್ರೀಕಂಠಯ್ಯ ಅಪ್ಪಣೆ ಮಾಡಿದರು. ದ್ಯಾವಮ್ಮ ಕೂತಳು. "ನಮ್ಮಲ್ಲಿ ಭೇದವೇ ಇಲ್ಲ. ದ್ಯಾವಮ್ಮನೂ ದಿನಾ ಇಲ್ಲೇ ಊಟ ಮಾಡ್ತಾಳೆ," ಎಂಬ ಅವರ ಮಾತು ಅಚ್ಚಾಯಿತು.

ಪತ್ರಿಕೆ ಬಂದ ದಿನ ಆಕೆ ತಟ್ಟೆ ಹಿಡಿದು ಬಂದು ಅದೇ ಕುರ್ಚಿಯಲ್ಲಿ ಕೂತಳು.

"ಇದೇನಿದು?" ಶ್ರೀಕಂಠಯ್ಯ ಹುಬ್ಬು ಗಂಟಿಕ್ಕಿದರು.

"ಊರೋರೆಲ್ಲ ಓದವ್ರೆ ಸ್ವಾಮಿ. ನಾನು ಹಿತ್ತಲಲ್ಲಿ ಉಂಡ್ರೆ ನಿಮ್ಮ ಮಾತು ಸುಳ್ಳಾಗಲ್ವಾ?"

ಮರುದಿನದಿಂದ ಎಲ್ಲರೂ ಕ್ಯಾರಿಯರಿಗೆ ಊಟ ತುಂಬಿಸಿಕೊಂಡು ತಂತಮ್ಮ ಮನೆಗೆ ಹೋದರು.

ದ್ಯಾವಮ್ಮ ಒಬ್ಬಳೇ ಕೂತಳು. ಗೆದ್ದೆ ಅನ್ನಿಸಿತು. ಆದರೆ ಆ ಉದ್ದನೆಯ ಮೇಜಿನ ಮೇಲೆ ಇದ್ದದ್ದು ಅವಳದೊಂದೇ ತಟ್ಟೆ.